ವಿಆರ್ ಹೆಡ್‌ಸೆಟ್ ಹಾಕಿದ ಅರ್ಧ ತಾಸಿಗೇ ಕುತ್ತಿಗೆ, ಹಣೆ, ಕಣ್ಣು ನೋವು: ತಪ್ಪು ಎಲ್ಲಿದೆ?

ಚಾಕಣ್_ತರಬೇತಿ

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಚಾಕಣ್ ಎಂಐಡಿಸಿ (ಕೈಗಾರಿಕಾ ಪ್ರದೇಶ) ಭಾಗದಲ್ಲಿ ಕಾರ್ಖಾನೆಗೆ ಹೊಸದಾಗಿ ಸೇರುವವರಿಗೆ ವಿಆರ್‌ನಲ್ಲಿ (ಕಣ್ಣಿಗೆ ಹೆಡ್‌ಸೆಟ್ ಹಾಕಿ ನೋಡುವ ಕೃತಕ ದೃಶ್ಯಲೋಕದಲ್ಲಿ) ಸ್ಪ್ರೇ ಪೇಂಟಿಂಗ್, ಅಸೆಂಬ್ಲಿ ಕೆಲಸ ಕಲಿಸುವ ಕೋಣೆ ನಡೆಸುತ್ತೇವೆ. ಮೆಟಾ ಕಂಪನಿಯ ಹೆಡ್‌ಸೆಟ್‌ಗಳು, ಎಂಟು ಕ್ವೆಸ್ಟ್ 3, ನಾಲ್ಕು ಕ್ವೆಸ್ಟ್ 2 ಇವೆ. ಹನ್ನೆರಡಕ್ಕೂ ಡಬ್ಬಿಯಲ್ಲಿ ಬಂದ ಬಟ್ಟೆಯ ಸ್ಟ್ರಾಪೇ. ಬ್ಯಾಚಿಗೆ 45 ನಿಮಿಷ, ನಡುವೆ ತೆಗೆಯುವುದಿಲ್ಲ. ದಿನಕ್ಕೆ ನಾಲ್ಕು ಬ್ಯಾಚು. ಬರುವವರಲ್ಲಿ ಬಹಳ ಮಂದಿ ವಿಜಯಪುರ, ಕಲಬುರಗಿ, ಸೊಲ್ಲಾಪುರ ಕಡೆಯವರು. ಮೂರರಲ್ಲಿ ಒಬ್ಬರು ಹೆಣ್ಣುಮಕ್ಕಳು.

ದೂರುಗಳು ಹೀಗಿವೆ. ಇಪ್ಪತ್ತು ನಿಮಿಷ ದಾಟಿದರೆ ಕುತ್ತಿಗೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ಹಣೆ, ಕೆನ್ನೆಯ ಮೇಲೆ ಕೆಂಪು ಬರೆ. ಕೆಲವರಿಗೆ ಕಣ್ಣಿನ ಕೆಳಗೆ ಜೋಮು. ಬಿಡಿಭಾಗಗಳ ಮೇಲಿನ ಅಕ್ಷರ ಮಸುಕು ಅಂತ ಪದೇ ಪದೇ ಹೆಡ್‌ಸೆಟ್ಟನ್ನು ಮೇಲೆ ಕೆಳಗೆ ಜರುಗಿಸುತ್ತಾರೆ, ಬಿಗಿಯಾಗಿ ಒತ್ತಿ ಹಿಡಿದರೆ ಸ್ವಲ್ಪ ಸ್ಪಷ್ಟ ಕಾಣುತ್ತದಂತೆ. ತುರುಬು ಕಟ್ಟಿದವರಿಗೆ ಸ್ಟ್ರಾಪ್ ನಿಲ್ಲುವುದೇ ಇಲ್ಲ. ಪೇಂಟಿಂಗ್ ಪಾಠದಲ್ಲಿ ಬಲ ಭುಜ ಸೋತು ಸ್ಪ್ರೇ ಗನ್ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಬೆವರು ಬೇರೆ.

ಒಳ್ಳೆಯ ಸ್ಟ್ರಾಪ್ ತಂದರೆ ಸಾಕೇ? ಇದಕ್ಕಿಂತ ಹಗುರವಾದ ಹೆಡ್‌ಸೆಟ್ಟೇ ಬೇಕೇ? ಅಥವಾ ನಾವು ಹಾಕಿಸುವ ರೀತಿಯೇ ತಪ್ಪೇ? ತಿಳಿದವರು ಬಿಡಿಸಿ ಹೇಳಬೇಕು.

ಕೊಥ್ರೂಡ್_ಫಿಸಿಯೊ

ಸರ್, ಹಗುರವಾದದ್ದನ್ನು ಹುಡುಕುವ ಮೊದಲು ತೂಕ ಎಲ್ಲಿ ನೇತಾಡುತ್ತಿದೆ ನೋಡಿ. ಕ್ವೆಸ್ಟ್ 2 ಸ್ಟ್ರಾಪ್ ಸಮೇತ 503 ಗ್ರಾಂ, ಕ್ವೆಸ್ಟ್ 3 515 ಗ್ರಾಂ. ನಮ್ಮ ಕಡೆ ಹೆಣ್ಣುಮಕ್ಕಳು ಸಿಂಬಿ ಇಟ್ಟು ತುಂಬಿದ ಕೊಡ ಹೊತ್ತು ಕುತ್ತಿಗೆ ಅಲುಗಿಸದೆ ಅರ್ಧ ಮೈಲಿ ನಡೆಯುತ್ತಾರೆ, ಯಾಕೆಂದರೆ ಭಾರ ನೇರ ಬೆನ್ನುಮೂಳೆಯ ಕಂಬದ ಮೇಲೆ ಇಳಿಯುತ್ತದೆ. ಅದೇ ಹೆಣ್ಣುಮಗಳ ಹಣೆಗೆ ಅರ್ಧ ಕಿಲೋ ಸಕ್ಕರೆ ಪೊಟ್ಟಣ ಕಟ್ಟಿ ಮೂಗಿನ ಮುಂದೆ ತೂಗುಬಿಟ್ಟರೆ ಹತ್ತು ನಿಮಿಷಕ್ಕೆ ಬಿಚ್ಚಿ ಅನ್ನುತ್ತಾಳೆ.

ಅಂದಾಜು ಲೆಕ್ಕ ಹೀಗೆ. ದೊಡ್ಡವರ ತಲೆ ಸುಮಾರು 5 ಕಿಲೋ. ಅದು ಕುತ್ತಿಗೆಯ ತುದಿಯ ಕೀಲಿನ ಮೇಲೆ ಕೂತಿದೆ, ಆದರೆ ತಲೆಯ ಭಾರಕೇಂದ್ರ ಆ ಕೀಲಿಗಿಂತ ಸುಮಾರು 2 ಸೆಂ.ಮೀ. ಮುಂದಿದೆ. ಬಸ್ಸಿನಲ್ಲಿ ಕೂತಲ್ಲೇ ತೂಕಡಿಸಿದವರ ತಲೆ ಎದೆಯ ಕಡೆ ವಾಲುವುದು ಇದರಿಂದಲೇ. 5 ಗುಣಿಸು 2, ಹತ್ತು ಕಿಲೋ-ಸೆಂ.ಮೀ. ಎಳೆತವನ್ನು ಹಿಂಗತ್ತಿನ ಸ್ನಾಯುಗಳು ಎಚ್ಚರವಿರುವಷ್ಟು ಹೊತ್ತೂ ತಡೆದು ನಿಂತಿರುತ್ತವೆ. ಈಗ ಅರ್ಧ ಕಿಲೋ ಹೆಡ್‌ಸೆಟ್. ಅದರ ಭಾರಕೇಂದ್ರ ಅದೇ ಕೀಲಿನಿಂದ ಸುಮಾರು 15 ಸೆಂ.ಮೀ. ಮುಂದೆ: ಏಳೂವರೆ. ತಲೆಗೆ ಸೇರಿದ್ದು ಹತ್ತನೇ ಒಂದು ಪಾಲು ತೂಕ, ಸ್ನಾಯುವಿಗೆ ಸೇರಿದ್ದು ಮುಕ್ಕಾಲು ಪಾಲು ಹೆಚ್ಚಿನ ಕೆಲಸ. ಆ ಸ್ನಾಯುವಿಗೆ ಬಿಡುವೂ ಇಲ್ಲ, ಒಂದೇ ಸಮ ಬಿಗಿದು ಹಿಡಿದಿರಬೇಕು. ಹಾಗೆ ಬಿಗಿದು ನಿಂತ ಸ್ನಾಯುವಿನಲ್ಲಿ ರಕ್ತದ ಓಡಾಟ ಕಡಿಮೆಯಾಗುತ್ತದೆ, ಇಪ್ಪತ್ತನೇ ನಿಮಿಷದ ಹಿಡಿತ ಅದೇ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಹಿಂದೆ ಸ್ವಲ್ಪ ತೂಕ ಕೊಟ್ಟರೆ ಒಟ್ಟು ತೂಕ ಹೆಚ್ಚಿದರೂ ಕುತ್ತಿಗೆಗೆ ಹಗುರ. ಹಿಂದಲೆಯ ಹತ್ತಿರ, ಕೀಲಿನಿಂದ 11 ಸೆಂ.ಮೀ. ಹಿಂದೆ 200 ಗ್ರಾಂ ಇಟ್ಟರೆ 2.2 ಕಿಲೋ-ಸೆಂ.ಮೀ. ಕಳೆಯುತ್ತದೆ, ಏಳೂವರೆ ಐದೂಕಾಲರ ಹತ್ತಿರ ಇಳಿಯುತ್ತದೆ. ಪೂರ್ತಿ ಸರಿದೂಗಿಸಲು ಹೋಗಬೇಡಿ. ಅದಕ್ಕೆ ಹಿಂದೆ 680 ಗ್ರಾಂ ಬೇಕು, ತಲೆಯ ಮೇಲೆ ಒಟ್ಟು 1.2 ಕಿಲೋ ಆಗುತ್ತದೆ. ತಿರುಗಿ ನೋಡುವಾಗ ತಲೆ ನಿಂತರೂ ತೂಕ ನಿಲ್ಲದೆ ಕುತ್ತಿಗೆಯನ್ನು ಎಳೆಯುತ್ತದೆ. 150ರಿಂದ 250 ಗ್ರಾಂ ಒಳ್ಳೆಯ ಅಳತೆ.

ಖರ್ಚು ಮಾಡುವ ಮೊದಲು ಪರೀಕ್ಷೆ ಮಾಡಿ. ಹತ್ತು ರೂಪಾಯಿಯ ನಾಣ್ಯ ಒಂದಕ್ಕೆ 7.7 ಗ್ರಾಂ. ಹದಿಮೂರು ನಾಣ್ಯಕ್ಕೆ ನೂರು ಗ್ರಾಂ, ಇಪ್ಪತ್ತಾರಕ್ಕೆ ಇನ್ನೂರು. ಸಣ್ಣ ಬಟ್ಟೆಯ ಚೀಲದಲ್ಲಿ ಅಲುಗಾಡದಂತೆ ಸುತ್ತಿ ಹಿಂದಿನ ಪಟ್ಟಿಗೆ ಕಟ್ಟಿ. ಹದಿಮೂರರಿಂದ ಶುರುಮಾಡಿ. ನೆಟ್ಟಗೆ ನೋಡುವಾಗ ಕೆನ್ನೆಯ ಮೇಲಿನ ಒತ್ತಡ ಸಡಿಲಿಸಿದಂತೆ ಅನ್ನಿಸಿದ ಕೂಡಲೇ ನಿಲ್ಲಿಸಿ, ಆಮೇಲೆ ಸೇರಿಸಿದ್ದು ಬರೀ ಹೊರೆ.

ಎರಡನೆಯದು ಇನ್ನೂ ಮುಖ್ಯ. ಅಸೆಂಬ್ಲಿ ಪಾಠದಲ್ಲಿ ಅವರು ಎಷ್ಟು ಬಗ್ಗಿ ನೋಡುತ್ತಾರೆ? 40 ಡಿಗ್ರಿ ಬಗ್ಗಿದರೆ ಕುತ್ತಿಗೆಯ ಬುಡದಿಂದ ತಲೆಯೇ ಸುಮಾರು 10 ಸೆಂ.ಮೀ. ಮುಂದೆ ಹೋಗುತ್ತದೆ. ತಲೆ, ಹೆಡ್‌ಸೆಟ್ ಸೇರಿ ಐದೂವರೆ ಕಿಲೋ, ಗುಣಿಸು ಹತ್ತು, ಐವತ್ತೈದು! ಹಿಂದಿನ ಇನ್ನೂರು ಗ್ರಾಂ ಇದರ ಮುಂದೆ ಎಲ್ಲಿಗೂ ಸಾಲದು. ವಿಆರ್‌ನೊಳಗಿನ ಮೇಜು ಎತ್ತರಿಸದೆ ಎಷ್ಟು ಬೆಲೆಯ ಸ್ಟ್ರಾಪ್ ತಂದರೂ ನಿಮ್ಮ ಕುತ್ತಿಗೆ ದೂರು ನಿಲ್ಲುವುದಿಲ್ಲ. ಇದನ್ನು ಸಾಫ್ಟ್‌ವೇರ್ ಮಾಡಿದವರ ಹತ್ತಿರ ಕೇಳಬೇಕು.

ಕೈಬೆರಳಿಗೆ ಜುಮು ಜುಮು ಇಳಿದರೆ, ತಲೆ ತಿರುಗಿದರೆ, ನೋವು ಮರುದಿನವೂ ಇದ್ದರೆ ಅಂಥವರಿಗೆ ಮತ್ತೆ ಹಾಕಿಸಬೇಡಿ, ವೈದ್ಯರಿಗೆ ತೋರಿಸಲಿ. ಮೊದಲೇ ಕುತ್ತಿಗೆ ಸವೆತ ಇದ್ದವರನ್ನೂ ಕೇಳಿ ತಿಳಿದುಕೊಂಡು ಹಾಕಿಸಿ.

ಪಿಂಪ್ರಿ_ಸೆಟಪ್

ಹಾಕಿಸುವ ರೀತಿ ಬರೆಯುತ್ತೇನೆ ಸರ. ಎಲ್ಲಾ ಕಡೆ ತಪ್ಪುವುದು ಒಂದೇ ಜಾಗದಲ್ಲಿ: ಹೆಡ್‌ಸೆಟ್ಟನ್ನು ಮುಖಕ್ಕೆ ಇಟ್ಟು, ಪಕ್ಕದ ಪಟ್ಟಿ ಎಳೆದು ಬಿಗಿ ಮಾಡುತ್ತಾರೆ. ಆಗ ಮುಖವನ್ನು ಇಕ್ಕಳದಲ್ಲಿ ಹಿಡಿದಂತೆ. ಜಾರದಿರಲು ಕೆನ್ನೆಯ ಮೂಳೆಯೇ ಆಧಾರ. ಹುಬ್ಬಿನ ಮೇಲೆ ಮತ್ತು ಕಣ್ಣಿನ ಕೆಳಗಿನ ಮೂಳೆಯ ತೂತಿನಿಂದ ನರಗಳು ಹೊರಬರುತ್ತವೆ, ಜೋಮು ಹಿಡಿಯುವುದು ಅಲ್ಲಿ ಒತ್ತಿದ್ದಕ್ಕೆ. ಹೊರಗಿನ ಒತ್ತಡದಿಂದ ಬರುವ ತಲೆನೋವು ಹಾಕಿದ ಒಂದು ತಾಸಿನೊಳಗೆ ಶುರುವಾಗುತ್ತದೆ, ಬಿಚ್ಚಿದ ಒಂದು ತಾಸಿನೊಳಗೆ ಹೋಗುತ್ತದೆ. ಹಾಗೆ ಹೋದರೆ ಅದು ಸ್ಟ್ರಾಪಿನ ನೋವು. ಹೋಗದಿದ್ದರೆ ಕಣ್ಣಿನದೋ ಕುತ್ತಿಗೆಯದೋ.

ಸರಿಯಾದ ಕ್ರಮ: ಮೊದಲು ಎಲ್ಲಾ ಪಟ್ಟಿ ಪೂರ್ತಿ ಸಡಿಲಿಸಿ. ಹಿಂದಿನ ಪಟ್ಟಿಯನ್ನು ತಲೆಗೆ ಮೊದಲು ಏರಿಸಿ, ಹಿಂದಲೆಯಲ್ಲಿ ಕೈಗೆ ಸಿಗುವ ಉಬ್ಬಿನ ಕೆಳಗೆ ಕೂರಿಸಿ. ಉಬ್ಬಿನ ಮೇಲೆ ಕೂತರೆ ಐದು ನಿಮಿಷಕ್ಕೆ ಜಾರಿ ಮೇಲೆ ಬರುತ್ತದೆ, ಮುಂಭಾಗ ಮೂಗಿನ ಮೇಲೆ ಕುಸಿಯುತ್ತದೆ. ಆಮೇಲೆ ಮುಂಭಾಗವನ್ನು ಮುಖಕ್ಕೆ ಇಳಿಸಿ. ಈಗ ನೆತ್ತಿಯ ಮೇಲಿನ ಪಟ್ಟಿಯ ವೆಲ್ಕ್ರೋ ಬಿಚ್ಚಿ, ಒಂದು ಕೈಯಿಂದ ಹೆಡ್‌ಸೆಟ್ಟನ್ನು ಕಣ್ಣಿಗೆ ಸ್ಪಷ್ಟ ಕಾಣುವ ಎತ್ತರಕ್ಕೆ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಎಳೆದು ಅಂಟಿಸಿ. ಭಾರ ಹೊರಬೇಕಾದದ್ದು ಈ ನೆತ್ತಿಯ ಪಟ್ಟಿ. ಪಕ್ಕದ ಪಟ್ಟಿಯನ್ನು ಕಟ್ಟಕಡೆಗೆ, ಜಾರದಿರುವಷ್ಟು ಮಾತ್ರ ಬಿಗಿಯಿರಿ.

ಪರೀಕ್ಷೆ: ಕೆನ್ನೆ ಮತ್ತು ಫೋಮಿನ ನಡುವೆ ಕಿರುಬೆರಳು ಸ್ವಲ್ಪ ಒತ್ತಿದರೆ ಹೋಗಬೇಕು. ತಲೆಯನ್ನು ಹೌದು, ಅಲ್ಲ ಎಂದು ಮೂರು ಮೂರು ಸಲ ಆಡಿಸಲಿ, ಚಿತ್ರ ಅಲುಗಬಾರದು. ಬಿಚ್ಚಿದ ಮೇಲೆ ಬರೆ ನೋಡಿ. ಹಣೆಯ ಮೇಲೆ ಅಗಲಕ್ಕೆ ತೆಳುವಾಗಿ ಇದ್ದರೆ ಸರಿ. ಕೆನ್ನೆಯ ಮೇಲೆ ಮಾತ್ರ ಗಾಢವಾಗಿದ್ದರೆ ನೆತ್ತಿಯ ಪಟ್ಟಿ ಸಡಿಲ. ಮೂಗಿನ ಮೇಲಿದ್ದರೆ ಹೆಡ್‌ಸೆಟ್ ತೀರಾ ಕೆಳಗಿದೆ.

ತುರುಬಿಗೆ: ಹಿಂದಿನ ಪಟ್ಟಿ ವೈ ಆಕಾರದಲ್ಲಿ ಕವಲೊಡೆದಿದೆ. ತುರುಬನ್ನು ಹಿಂದಲೆಯ ಉಬ್ಬಿನಿಂದ ಮೇಲೆ ಕಟ್ಟಿಸಿ ಕವಲಿನ ಸಂದಿಯಲ್ಲಿ ತೂರಿಸಿ, ಕೆಳಗಿನ ಕವಲು ಕತ್ತಿನ ಕೂದಲ ಗೆರೆಯ ಮೇಲೆ ಕೂರುತ್ತದೆ. ಜಡೆಯಾದರೆ ಮುಂದಕ್ಕೆ ಭುಜದ ಮೇಲೆ ಹಾಕಿಕೊಳ್ಳಲಿ. ಕ್ಲಿಪ್ಪು, ಕಿವಿಯ ದೊಡ್ಡ ಓಲೆ ತೆಗೆಸಿ. ಎಣ್ಣೆ ಹಚ್ಚಿದ ತಲೆಯಾದರೆ ತೆಳು ಹತ್ತಿ ಟೋಪಿ ಹಾಕಿಸಿ, ಇಲ್ಲದಿದ್ದರೆ ವೆಲ್ಕ್ರೋ ತಿಂಗಳಲ್ಲಿ ಹಿಡಿತ ಬಿಡುತ್ತದೆ. ಹೆಲ್ಮೆಟ್ ಒಳಗೆ ಹಾಕುವ ಟೋಪಿ ಪುಣೆಯಲ್ಲಿ ಯಾವ ಗಾಡಿ ಅಂಗಡಿಯಲ್ಲೂ ಸಿಗುತ್ತದೆ.

ಸ್ಟ್ರಾಪ್ ಕೊಳ್ಳುವುದಾದರೆ ಹಿಂದೆ ತಿರುಪು ಚಕ್ರ ಇರುವ ಗಟ್ಟಿ ಸ್ಟ್ರಾಪ್ ತಗೊಳ್ಳಿ. ದಿನಕ್ಕೆ ನಾಲ್ಕು ಬ್ಯಾಚಿನ ಹೊಸ ಹೊಸ ತಲೆಗಳಿಗೆ ಬಟ್ಟೆಯ ಸ್ಟ್ರಾಪ್ ಹೊಂದಿಸುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಚಕ್ರವನ್ನು ಅತಿಯಾಗಿ ತಿರುಗಿಸುವ ಚಟಕ್ಕೆ ಮಾತ್ರ ಕಡಿವಾಣ ಹಾಕಿ. ಹಿಂದಲೆ ನೋಯುತ್ತಿದ್ದರೆ ಚಕ್ರವನ್ನು ಎರಡು ಹಲ್ಲಿನಷ್ಟು ಹಿಂದಕ್ಕೆ ತಿರುಗಿಸಿ ಸಡಿಲಿಸಿ.

ಮಾಟುಂಗಾ_ಕನ್ನಡಕ

ಕಣ್ಣಿನ ಭಾಗ ನಾನು ಹೇಳುತ್ತೇನೆ. ಒತ್ತಿ ಹಿಡಿದರೆ ಅಕ್ಷರ ಸ್ಪಷ್ಟ ಕಾಣುತ್ತದೆ ಎಂದು ಬರೆದಿದ್ದೀರಲ್ಲ, ರೋಗದ ಸುಳಿವು ಅಲ್ಲೇ ಇದೆ ಮಾರಾಯ್ರೆ. ಲೆನ್ಸಿನ ಮಧ್ಯಭಾಗಕ್ಕೆ ಕಣ್ಣುಪಾಪೆ ನೇರ ಬಂದಿಲ್ಲ, ಇಲ್ಲವೇ ಕಣ್ಣಿನಿಂದ ಲೆನ್ಸು ದೂರವಾಗಿದೆ. ಅವರು ಬಿಗಿ ಮಾಡಿ ಸರಿಪಡಿಸಲು ನೋಡುತ್ತಾರೆ, ಆ ಬಿಗಿಯಿಂದ ಕೆನ್ನೆ ನೋವು. ಮುಖದ ಬರೆಗೂ ಮಸುಕಿಗೂ ಮೂಲ ಒಂದೇ.

ಕ್ವೆಸ್ಟ್ 2ರಲ್ಲಿ ಫ್ರೆನೆಲ್ ಲೆನ್ಸ್, ಅಂದರೆ ಮೈಮೇಲೆ ಉಂಗುರದಂಥ ಗೆರೆಗಳಿರುವ ತೆಳು ಮಸೂರ. ಅದರಲ್ಲಿ ಸ್ಪಷ್ಟ ಕಾಣುವ ಜಾಗ ಸಣ್ಣದು, ಎರಡು ಮಿಲಿಮೀಟರ್ ಜರುಗಿದರೂ ಅಂಚು ಕದಡುತ್ತದೆ. ಕ್ವೆಸ್ಟ್ 3ರ ಪ್ಯಾನ್‌ಕೇಕ್ ಲೆನ್ಸ್ (ಬೆಳಕನ್ನು ಒಳಗೇ ಮಡಚಿ ಕಳಿಸುವಂಥದು) ಅಂಚಿನವರೆಗೂ ಹೆಚ್ಚು ಕ್ಷಮಿಸುತ್ತದೆ. ಮಸುಕಿನ ದೂರು ಆ ನಾಲ್ಕು ಕ್ವೆಸ್ಟ್ 2ರಲ್ಲಿ ಹೆಚ್ಚೋ ಎಂದು ಎಣಿಸಿ ನೋಡಿ.

ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯದೆ ಯಾರಿಗೂ ಹಾಕಿಸಬೇಡಿ. ದೊಡ್ಡವರಲ್ಲಿ ಸರಾಸರಿ 63 ಮಿ.ಮೀ., ಆದರೆ 55ರವರೂ ಇದ್ದಾರೆ, 72ರವರೂ ಇದ್ದಾರೆ. ಅಳೆಯುವುದು ಹೀಗೆ: ಮಿಲಿಮೀಟರ್ ಗೆರೆಯ ಪಟ್ಟಿಯನ್ನು ಅವರ ಹುಬ್ಬಿನ ಕೆಳಗೆ ಅಡ್ಡ ಇಡಿ. ನೀವು ಒಂದು ಕೈಯಳತೆ ದೂರದಲ್ಲಿ ಎದುರಿಗೆ ಕೂರಿ. ನಿಮ್ಮ ಬಲಗಣ್ಣು ಮುಚ್ಚಿ, ಅವರು ನಿಮ್ಮ ತೆರೆದ ಎಡಗಣ್ಣನ್ನು ನೋಡಲಿ, ಅವರ ಬಲ ಪಾಪೆಯ ನಡುವಿಗೆ ಸೊನ್ನೆ ಹೊಂದಿಸಿ. ಪಟ್ಟಿ ಅಲುಗಿಸದೆ ನಿಮ್ಮ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ, ಅವರು ಈಗ ಅದನ್ನು ನೋಡಲಿ, ಅವರ ಎಡ ಪಾಪೆಯ ನಡು ಯಾವ ಗೆರೆಗೆ ಬಂತೋ ಅದೇ ಅಳತೆ. ಎರಡು ಸಲ ಮಾಡಿ. ಒಬ್ಬರಿಗೆ ಒಂದು ನಿಮಿಷವೂ ಬೇಡ. ಸಂಖ್ಯೆಯನ್ನು ಅವರ ಹಾಜರಿ ಚೀಟಿಯಲ್ಲೇ ಬರೆದಿಡಿ.

ಕ್ವೆಸ್ಟ್ 3ರಲ್ಲಿ ಕೆಳಗಿನ ಚಕ್ರ ತಿರುಗಿಸಿದರೆ 58ರಿಂದ 71ರವರೆಗೆ ಬೇಕಾದ ಅಂಕಿಗೆ ನಿಲ್ಲುತ್ತದೆ. ಕ್ವೆಸ್ಟ್ 2ರಲ್ಲಿ ಮೂರೇ ಸ್ಥಾನ: 58, 63, 68. ಅಳತೆ 61ರ ಒಳಗಿದ್ದರೆ ಮೊದಲನೆಯದು, 61ರಿಂದ 66ಕ್ಕೆ ಎರಡನೆಯದು, ಅದಕ್ಕೂ ಮೇಲೆ ಮೂರನೆಯದು. 60.5, 65.5 ಇಂಥ ನಡುವಿನವರಿಗೆ ಕ್ವೆಸ್ಟ್ 3 ಕೊಡಿ, 63ರ ಆಸುಪಾಸಿನವರಿಗೆ ಕ್ವೆಸ್ಟ್ 2 ಸಾಕು.

ಕನ್ನಡಕದವರಿಗೆ ದೂರ ನೋಡುವ ಕನ್ನಡಕ ಇರಲಿ, ಓದುವ ಕನ್ನಡಕ ಬೇಡ. ಪರದೆ ಕಣ್ಣಿನಿಂದ ಬೆರಳಗಲ ದೂರದಲ್ಲಿದೆ ಎಂದು ಓದುವ ಕನ್ನಡಕ ಹಾಕುತ್ತಾರೆ, ಅದು ತಪ್ಪು. ಲೆನ್ಸು ಆ ಚಿತ್ರವನ್ನು ಹೆಚ್ಚಿನ ಹೆಡ್‌ಸೆಟ್‌ಗಳಲ್ಲಿ ಸುಮಾರು 1.3ರಿಂದ 2 ಮೀಟರ್ ಆಚೆ ಒಯ್ದು ಇಡುತ್ತದೆ. ಕಣ್ಣು ಫೋಕಸ್ ಮಾಡುವುದು ಆ ದೂರಕ್ಕೆ. ಕ್ವೆಸ್ಟ್ 3ರಲ್ಲಿ ಮುಖದ ಚೌಕಟ್ಟನ್ನು ನಾಲ್ಕು ಹಂತದಲ್ಲಿ ಹಿಂದೆ ಮುಂದೆ ಮಾಡಬಹುದು. ಕನ್ನಡಕವಿಲ್ಲದವರಿಗೆ ಅತಿ ಹತ್ತಿರದ ಹಂತ, ಇದ್ದವರಿಗೆ ಕನ್ನಡಕದ ಗಾಜು ಲೆನ್ಸಿಗೆ ತಾಗದಷ್ಟು. ಕ್ವೆಸ್ಟ್ 2ಕ್ಕೆ ಡಬ್ಬಿಯಲ್ಲೇ ಬಂದ ಕನ್ನಡಕದ ಸ್ಪೇಸರ್ (ಅಂತರ ಕೊಡುವ ಚೌಕಟ್ಟು) ಹಾಕಲೇಬೇಕು. ಫ್ರೇಮ್ 142 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಮೀರಿದರೆ ಹಿಡಿಸದು. ತಾಗಿದರೆ ಎರಡಕ್ಕೂ ಗೀರು, ಹೆಡ್‌ಸೆಟ್ ಲೆನ್ಸಿನ ಗೀರು ಹೋಗುವ ಮಾತೇ ಇಲ್ಲ. ದಿನವೂ ಬಳಸುವ ತರಬೇತುದಾರರಿಗಾದರೆ ಅವರ ಪವರಿನ ಲೆನ್ಸ್ ಇನ್ಸರ್ಟ್ (ಹೆಡ್‌ಸೆಟ್ ಲೆನ್ಸಿನ ಮೇಲೆ ಕೂರುವ ಗಾಜು) ಮಾಡಿಸಿ.

ಇನ್ನೊಂದು, ಇದು ಹೆಡ್‌ಸೆಟ್ ಬದಲಿಸಿದರೂ ಹೋಗದ ತೊಂದರೆ. ಕಣ್ಣು ಒಂದು ವಸ್ತುವನ್ನು ನೋಡುವಾಗ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ: ಎರಡೂ ಗುಡ್ಡೆಗಳನ್ನು ಒಳಗೆ ತಿರುಗಿಸುವುದು, ಮತ್ತು ಒಳಗಿನ ಮಸೂರವನ್ನು ಆ ದೂರಕ್ಕೆ ಫೋಕಸ್ ಮಾಡುವುದು. ಹುಟ್ಟಿನಿಂದ ಇವೆರಡೂ ಜೋಡೆತ್ತು. ವಿಆರ್‌ನಲ್ಲಿ ಒಂದು ನಟ್ಟನ್ನು ಮುಖದಿಂದ 30 ಸೆಂ.ಮೀ.ಗೆ ತಂದರೆ ಗುಡ್ಡೆಗಳು ಸುಮಾರು 12 ಡಿಗ್ರಿ ಒಳಗೆ ತಿರುಗಬೇಕು, ಆದರೆ ಫೋಕಸ್ ಮಾತ್ರ 1.3 ಮೀಟರಿನಲ್ಲೇ ನಿಂತಿರಬೇಕು. ಜೋಡೆತ್ತು ಒಂದು ಏರಿಗೆ, ಒಂದು ಇಳಿಜಾರಿಗೆ. ಡಯಾಪ್ಟರ್ (ಒಂದನ್ನು ಮೀಟರ್ ದೂರದಿಂದ ಭಾಗಿಸಿದ ಅಂಕಿ) ಲೆಕ್ಕದಲ್ಲಿ 3.3ಕ್ಕೂ 0.77ಕ್ಕೂ ಎರಡೂವರೆ ವ್ಯತ್ಯಾಸ. ಅರ್ಧ ಡಯಾಪ್ಟರಿನೊಳಗಿದ್ದರೆ ಕಣ್ಣು ಬಹಳ ಹೊತ್ತು ಸಹಿಸುತ್ತದೆ. ಅಂದರೆ ನೋಡುವ ವಸ್ತು ಸುಮಾರು 75 ಸೆಂ.ಮೀ.ನಿಂದ ಮೂರೂವರೆ ಮೀಟರಿನೊಳಗೆ ಇರಬೇಕು. ನಿಮ್ಮ ಹುಡುಗರು ಭಾಗದ ಮೇಲಿನ ಅಕ್ಷರ ಓದಲು ಅದನ್ನು ಮೂಗಿನ ಹತ್ತಿರ ತಂದುಕೊಳ್ಳುತ್ತಿದ್ದರೆ ಹುಬ್ಬಿನ ನಡುವಿನ ನೋವಿಗೆ ಬೇರೆ ಕಾರಣ ಹುಡುಕಬೇಡಿ.

ಚಾಕಣ್_ತರಬೇತಿ

ಎಲ್ಲರಿಗೂ ಧನ್ಯವಾದ. ಎಣಿಸಿ ನೋಡಿದೆ, ಮಸುಕಿನ ದೂರು ಹೆಚ್ಚಿನವು ಕ್ವೆಸ್ಟ್ 2ರವೇ. ಮೂರು ಪ್ರಶ್ನೆ. ಹಿಂದಿನ ತೂಕಕ್ಕೆ ನಾಣ್ಯದ ಬದಲು ಪವರ್ ಬ್ಯಾಂಕ್ ಇಡಬಹುದೇ, ಬ್ಯಾಟರಿಯೂ ಬಾಳುತ್ತದಲ್ಲ? ಮೇಜಿನ ಎತ್ತರ ಎಷ್ಟಿರಬೇಕು? ಭುಜದ ನೋವಿಗೆ ಏನು? ಕೈಯಲ್ಲಿ ಹಿಡಿಯುವ ಕಂಟ್ರೋಲರ್ ತೂಕವೇ ಕಾರಣ ಎಂದು ಒಬ್ಬರು ಹೇಳಿದರು.

ಪಿಂಪ್ರಿ_ಸೆಟಪ್

ಪವರ್ ಬ್ಯಾಂಕ್ ಇಡಬಹುದು. 10,000 ಎಂಎಎಚ್‌ನದು ಸಾಮಾನ್ಯವಾಗಿ 200 ಗ್ರಾಂ ಸುತ್ತ ತೂಗುತ್ತದೆ, ಅಳತೆಗೆ ಸರಿಹೋಗುತ್ತದೆ. ಕ್ವೆಸ್ಟ್ 3ಕ್ಕೆ 18 ವಾಟ್ ಪಿಡಿ (ವೇಗದ ಚಾರ್ಜಿಂಗ್) ಕೊಡುವಂಥದು ಬೇಕು, ಇಲ್ಲದಿದ್ದರೆ ಬ್ಯಾಟರಿ ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ. ಲೋಹದ ಬೆನ್ನಿನದು ಬೇಡ, ಬಿಸಿ ನೇರ ತಲೆಗೆ ಬಡಿಯುತ್ತದೆ. ತಲೆಗೂ ಅದಕ್ಕೂ ನಡುವೆ ಒಂದು ಸೆಂ.ಮೀ. ಫೋಮ್ ಇರಲಿ. ಎಲ್-ಆಕಾರದ ಮೂತಿಯ ಗಿಡ್ಡ ಕೇಬಲ್ ಬಳಸಿ ಎಡ ಪಟ್ಟಿಯ ಉದ್ದಕ್ಕೆ ಎರಡು ಕಡೆ ಕಟ್ಟಿ. ಉಬ್ಬಿದ, ಹಿಂದೆ ಬಿದ್ದು ಜಜ್ಜಿದ ಪವರ್ ಬ್ಯಾಂಕನ್ನು ತಲೆಯ ಹತ್ತಿರ ತರಲೇಬೇಡಿ.

ಹಿಂಜವಡಿ_ಯೂನಿಟಿ

ಮೇಜಿನ ಎತ್ತರ, ಅಕ್ಷರ, ಭುಜ ಮೂರೂ ಸೀನ್ (ವಿಆರ್‌ನೊಳಗಿನ ದೃಶ್ಯ) ಮಾಡುವವರ ಕೈಯಲ್ಲಿದೆ. ನಿಮ್ಮ ಸಾಫ್ಟ್‌ವೇರ್ ಕೊಟ್ಟವರಿಗೆ ಈ ಪಟ್ಟಿಯನ್ನೇ ಕಳಿಸಿ.

ಮೇಜಿಗೆ ಒಂದೇ ಅಂಕಿ ಹಾಕಿಸಬೇಡಿ, ಬಳಸುವವರ ಕಣ್ಣಿನ ಎತ್ತರದಿಂದ ಲೆಕ್ಕ ಹಾಕಿಸಿ. ಹೆಡ್‌ಸೆಟ್ ನೆಲದಿಂದ ಎಷ್ಟು ಮೇಲಿದೆ ಎಂದು ಸಾಫ್ಟ್‌ವೇರಿಗೆ ಗೊತ್ತೇ ಇರುತ್ತದೆ. ಗಮನವಿಟ್ಟು ನೋಡುವ ವಸ್ತುವಿನ ನಡುಭಾಗ ಕಣ್ಣಿನ ಮಟ್ಟದಿಂದ 15 ಡಿಗ್ರಿ ಕೆಳಗೆ, 80 ಸೆಂ.ಮೀ. ದೂರದಲ್ಲಿ ಇರಲಿ. ಅಂದರೆ ಕಣ್ಣಿಗಿಂತ ಸುಮಾರು 21 ಸೆಂ.ಮೀ. ತಗ್ಗು. ಕಾರ್ಖಾನೆಯ ನಿಜವಾದ ಮೇಜು ಇದಕ್ಕಿಂತ ತಗ್ಗು, ನಿಜ. ಆದರೆ ಅಲ್ಲಿ ತಲೆಯ ಮೇಲೆ ಅರ್ಧ ಕಿಲೋ ಇರುವುದಿಲ್ಲ, ಕಣ್ಣುಗುಡ್ಡೆ ಮಾತ್ರ ಕೆಳಗೆ ಹೊರಳಿಸಿದರೂ ಕಾಣುತ್ತದೆ. ಹೆಡ್‌ಸೆಟ್‌ನಲ್ಲಿ ಕಣ್ಣು ಹೊರಳಿಸಿದರೆ ಲೆನ್ಸಿನ ಅಂಚು ಎದುರಾಗುತ್ತದೆ, ತಲೆಯನ್ನೇ ಬಗ್ಗಿಸಬೇಕಾಗುತ್ತದೆ. ಭಾಗ ಜೋಡಿಸುವ ಕ್ರಮ ಕಲಿಸುವಾಗ ಮೇಜು ಎತ್ತರವಿರಲಿ, ಮೈಯ ಭಂಗಿ ಕಲಿಸುವ ಕೊನೆಯ ಐದು ನಿಮಿಷದ ಪಾಠಕ್ಕೆ ನಿಜವಾದ ಎತ್ತರ ಕೊಡಿ.

ಅಕ್ಷರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕ್ವೆಸ್ಟ್ 2ರಲ್ಲಿ ಒಂದು ಡಿಗ್ರಿಗೆ ಸುಮಾರು 20 ಪಿಕ್ಸೆಲ್, ಕ್ವೆಸ್ಟ್ 3ರಲ್ಲಿ 25. ಇಂಗ್ಲಿಷಿನ ದೊಡ್ಡಕ್ಷರ ಒಂದು ಡಿಗ್ರಿ ಎತ್ತರವಿದ್ದರೆ ಅಷ್ಟು ಪಿಕ್ಸೆಲ್‌ನಲ್ಲಿ ಓದಲಿಕ್ಕೆ ತೊಂದರೆಯಿಲ್ಲ. ಕನ್ನಡದ 'ಸ್ಕ್ರೂ' ತಗೊಳ್ಳಿ: ಮೇಲೆ ಸ, ಕೆಳಗೆ ಕ ಒತ್ತು, ಪಕ್ಕದಲ್ಲಿ ರ ಒತ್ತು, ಅದರ ಮೇಲೆ ದೀರ್ಘ. ಇಷ್ಟನ್ನೂ ಇಪ್ಪತ್ತು ಪಿಕ್ಸೆಲ್ ಎತ್ತರದಲ್ಲಿ ತುರುಕಿದರೆ ಉಳಿಯುವುದು ಕಪ್ಪು ಮುದ್ದೆ. ಮರಾಠಿ ಜೋಡಾಕ್ಷರದ ಕಥೆಯೂ ಇದೇ. ನಮ್ಮ ಲಿಪಿಗೆ ಸಾಲಿನ ಎತ್ತರ ಕನಿಷ್ಠ ಒಂದೂವರೆ ಡಿಗ್ರಿ ಇಡಿ, 1.3 ಮೀಟರ್ ದೂರದ ಫಲಕದಲ್ಲಿ ಅದು ಸುಮಾರು ಮೂರೂವರೆ ಸೆಂ.ಮೀ. ತೆಳು ಫಾಂಟ್ ಬೇಡ. ಭಾಗದ ಮೇಲೆ ಕೆತ್ತಿದ ಸಣ್ಣ ಸಂಖ್ಯೆಯನ್ನು ಕೈಯಲ್ಲಿ ಎತ್ತಿದ ಕೂಡಲೇ 1.3 ಮೀಟರ್ ದೂರದ ಫಲಕದಲ್ಲಿ ದೊಡ್ಡದಾಗಿ ತೋರಿಸುವಂತೆ ಮಾಡಿಸಿ. ಮೂಗಿನ ಹತ್ತಿರ ತರುವ ಅಭ್ಯಾಸ ಆಗ ತಾನಾಗಿಯೇ ಬಿಡುತ್ತದೆ.

ಭುಜ: ಕ್ವೆಸ್ಟ್ 3ರ ಕಂಟ್ರೋಲರ್ ಸೆಲ್ ಸಮೇತ ನೂರಿಪ್ಪತ್ತು ಗ್ರಾಂ ಆಸುಪಾಸು, ಅದರ ಪಾಲು ಕಡಿಮೆ. ಭಾರ ಕೈಯದೇ. 60 ಕಿಲೋ ಮನುಷ್ಯನ ಒಂದು ತೋಳು ಸುಮಾರು 3 ಕಿಲೋ. ನೇರ ಮುಂದಕ್ಕೆ ಚಾಚಿದರೆ ಅದರ ಭಾರಕೇಂದ್ರ ಭುಜದಿಂದ 30 ಸೆಂ.ಮೀ.: ತೊಂಬತ್ತು ಕಿಲೋ-ಸೆಂ.ಮೀ. ಕಂಟ್ರೋಲರ್ 60 ಸೆಂ.ಮೀ. ದೂರದಲ್ಲಿದ್ದರೂ ಸೇರಿಸುವುದು ಏಳೋ ಎಂಟೋ. ಮೊಣಕೈಯನ್ನು ಪಕ್ಕೆಗೆ ಹಚ್ಚಿ ಮಡಚಿದರೆ ಈ ತೊಂಬತ್ತು ಕಾಲು ಭಾಗಕ್ಕೂ ಕೆಳಗೆ ಇಳಿಯುತ್ತದೆ. ಬಟನ್, ಮೆನುಗಳೆಲ್ಲ ಎದೆಗಿಂತ ಕೆಳಗೆ, ಮೊಣಕೈ ಮಡಚಿದಲ್ಲೇ ಸಿಗಬೇಕು. ಗಾಳಿಯಲ್ಲಿ ತೂಗುವ, ಕೈಚಾಚಿ ಒತ್ತುವ ಮೆನು ತೆಗೆಸಿ. ಪೇಂಟಿಂಗ್ ಪಾಠಕ್ಕೆ ಕೈ ಚಾಚದೆ ವಿಧಿಯಿಲ್ಲ, ಕಲಿಯಬೇಕಾದದ್ದೇ ಆ ಚಲನೆ. ಅಲ್ಲಿ ಪ್ಯಾನೆಲ್ಲಿನ ಮೇಲ್ಭಾಗ ಒಂದೂವರೆ ನಿಮಿಷ, ಆಮೇಲೆ ಸೊಂಟದ ಮಟ್ಟದ ಭಾಗ ಒಂದೂವರೆ ನಿಮಿಷ, ಹೀಗೆ ಸರದಿ ಮಾಡಿಸಿ. ನಿಜವಾದ ಗನ್ ಬಣ್ಣ ತುಂಬಿದರೆ ಒಂದು ಕಿಲೋ ಹತ್ತಿರ ಬರುತ್ತದೆ. ವಿಆರ್‌ನಲ್ಲಿ ಬರಿಗೈ ತೂಕಕ್ಕೇ ಭುಜ ಸೋಲುವವರಿಗೆ ಭಂಗಿ ತಿದ್ದಬೇಕು ಎಂದು ತರಬೇತುದಾರರು ತಿಳಿದುಕೊಳ್ಳಬಹುದು.

ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು) 90 ಹರ್ಟ್ಜ್ ಇರಲಿ, ಫ್ರೇಮ್ ಬಿಟ್ಟುಹೋಗಿ ಚಿತ್ರ ತಡವರಿಸದಂತೆ ಸೀನ್ ಹಗುರ ಮಾಡಿಸಿ. ಕಾಲಿನಿಂದ ನಡೆಯದೆ ಕಂಟ್ರೋಲರಿನ ಸ್ಟಿಕ್ ಒತ್ತಿ ಜಾರುವ ಚಲನೆ ಇದ್ದರೆ ತೆಗೆಸಿ, ತರಬೇತಿಗೆ ಅದರ ಅಗತ್ಯವೇ ಇಲ್ಲ.

ವಾಸ್ಕೋ_ಲ್ಯಾಬ್

ಬೆವರಿನ ಬಗ್ಗೆ ಯಾರೂ ಹೇಳಲಿಲ್ಲ. ಗೋವಾ, ಮುಂಬೈಯಲ್ಲಿ ಇದು ವರ್ಷವಿಡೀ, ಪುಣೆಯಲ್ಲಿ ಏಪ್ರಿಲ್‌ನಿಂದ ಮಳೆಗಾಲ ಮುಗಿಯುವ ತನಕ.

ಹೆಡ್‌ಸೆಟ್ 35 ಡಿಗ್ರಿ ಸೆಲ್ಸಿಯಸ್ ತನಕದ ಕೋಣೆಗೆ ಮಾಡಿದ್ದು. ತಗಡಿನ ಛಾವಣಿಯ ಶೆಡ್ಡಿನಲ್ಲಿ ಮೇ ಮಧ್ಯಾಹ್ನ ಅದನ್ನು ದಾಟುತ್ತದೆ. 26 ಡಿಗ್ರಿಗೆ ಏಸಿ, ಜೊತೆಗೆ ಎದುರಿನಿಂದ ಒಂದು ಟೇಬಲ್ ಫ್ಯಾನ್ ಇಡಿ. ಮುಖಕ್ಕೆ ಒಂದೇ ದಿಕ್ಕಿನಿಂದ ಗಾಳಿ ಬಂದರೆ ತಾನು ಯಾವ ಕಡೆ ತಿರುಗಿದ್ದೇನೆ ಎಂಬ ಅರಿವು ಉಳಿಯುತ್ತದೆ, ಗೋಡೆಗೆ ಡಿಕ್ಕಿ ಹೊಡೆಯುವುದೂ ಕಡಿಮೆ. ಏಸಿ ಗಾಳಿ ನೇರ ಕಣ್ಣಿಗೆ ಬಡಿಯದಿರಲಿ. ಹೆಡ್‌ಸೆಟ್‌ನಲ್ಲಿ ರೆಪ್ಪೆ ಬಡಿಯುವುದು ಮೊದಲೇ ಕಡಿಮೆ, ಕಣ್ಣು ಒಣಗುತ್ತದೆ.

ತಣ್ಣಗಿನ ಲೆನ್ಸಿಗೆ ಬೆಚ್ಚಗಿನ ಮುಖ ತಂದರೆ ಮಂಜು ಕಟ್ಟುತ್ತದೆ. ಒರೆಸುತ್ತಾ ಕೂರಬೇಡಿ, ಬ್ಯಾಚಿಗೆ ಐದು ನಿಮಿಷ ಮೊದಲು ಆನ್ ಮಾಡಿಡಿ, ತಾನೇ ಬೆಚ್ಚಗಾಗುತ್ತದೆ. ಲೆನ್ಸಿಗೆ ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ, ಯಾವ ದ್ರವವೂ ಬೇಡ. ಸೀರೆ ಸೆರಗು, ಕರವಸ್ತ್ರ, ಟಿಶ್ಯೂ ಎಲ್ಲಾ ಗೀರು ಬೀಳಿಸುತ್ತವೆ. ಕಿಟಕಿ ಕಡೆ ಲೆನ್ಸ್ ಮಾಡಿ ಇಡಲೇಬೇಡಿ; ಬಿಸಿಲು ಲೆನ್ಸಿನಿಂದ ಹಾದು ಭೂತಗನ್ನಡಿಯಂತೆ ಪರದೆ ಸುಡುತ್ತದೆ.

ಮುಖಕ್ಕೆ ತಾಗುವ ಫೋಮನ್ನು ಹಂಚಿಕೊಳ್ಳಬಾರದು. ಅದು ಬೆವರು ಹೀರಿ ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಸಿಲಿಕೋನ್ ಕವರ್ ಹಾಕಿ, ಒಂದು ಹೆಡ್‌ಸೆಟ್ಟಿಗೆ ಎರಡು. ಒಂದು ಬಳಕೆಯಲ್ಲಿರುವಾಗ ಇನ್ನೊಂದು ಸೋಪುನೀರಿನಲ್ಲಿ ತೊಳೆದು ಒಣಗಲಿ. ಕ್ವೆಸ್ಟ್ 2ರ ಹಳೆಯ ಫೋಮಿನಿಂದ ಚರ್ಮ ಕೆರಳುತ್ತದೆ ಎಂದು 2021ರ ಜುಲೈನಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಫೋಮ್‌ಗಳ ವಾಪಸಾತಿ ಪ್ರಕಟವಾಗಿ, ಸಿಲಿಕೋನ್ ಕವರ್ ಉಚಿತವಾಗಿ ಕೊಟ್ಟಿದ್ದರು. ನಿಮ್ಮ ನಾಲ್ಕು ಆ ಕಾಲದವೇ ಆಗಿದ್ದರೆ ಕವರ್ ಇದೆಯೇ ನೋಡಿ. ಸಿಲಿಕೋನ್ ಬೆವರು ಹೀರುವುದಿಲ್ಲ, ಹರಿಯಬಿಡುತ್ತದೆ. ಅದಕ್ಕೆ ಹಣೆಯ ಮೇಲೆ ಒಬ್ಬರಿಗೊಂದು ತೆಳು ಹತ್ತಿ ಪಟ್ಟಿ ಕೊಡಿ.

ಕಣ್ಣು ಕೆಂಪಾದವರನ್ನು ಹೆಡ್‌ಸೆಟ್ ಮುಟ್ಟಲೂ ಬಿಡಬೇಡಿ. 2023ರ ಜುಲೈನಲ್ಲಿ ನಿಮ್ಮ ಪಕ್ಕದ ಆಳಂದಿಯಲ್ಲೇ ಸಾವಿರಾರು ಮಂದಿಗೆ ಕಣ್ಣುಬೇನೆ ಹರಡಿತ್ತು. ಅದನ್ನು ಹರಡುವ ವೈರಸ್‌ಗಳಲ್ಲಿ ಕೆಲವು ಒಣ ಪ್ಲಾಸ್ಟಿಕ್ ಮೇಲೂ ದಿನಗಟ್ಟಲೆ ಉಳಿಯುತ್ತವೆ, ಒಮ್ಮೆ ಒರೆಸಿದರೆ ಹೋಗುವಂಥವಲ್ಲ. ಮಳೆಗಾಲದಲ್ಲಿ ಬ್ಯಾಚಿಗೆ ಮೊದಲು ಎಲ್ಲರ ಕಣ್ಣು ನೋಡುವುದು ಒಂದು ನಿಮಿಷದ ಕೆಲಸ.

ಮಾಟುಂಗಾ_ಕನ್ನಡಕ

45 ನಿಮಿಷ ಒಂದೇ ಸಮ ಎನ್ನುವುದನ್ನು ಯಾರೂ ಮುಟ್ಟಲಿಲ್ಲ. ತಯಾರಕರ ಸೂಚನೆಯೇ ಇದೆ: ಅರ್ಧ ಗಂಟೆಗೊಮ್ಮೆ 10ರಿಂದ 15 ನಿಮಿಷ ಬಿಡುವು, ಬೇಡ ಅನ್ನಿಸಿದರೂ ತೆಗೆದುಕೊಳ್ಳಬೇಕು ಎಂದು. ಹೊಸಬರಿಗೆ ಅದೂ ಹೆಚ್ಚು. ಮೊದಲ ದಿನ 10 ನಿಮಿಷ, ಮೂರನೆಯ ದಿನದಿಂದ 20 ನಿಮಿಷ ಎಂದಿಡಿ. ಬಿಡುವಿನಲ್ಲಿ ಮೊಬೈಲ್ ನೋಡಿದರೆ ಕಣ್ಣಿಗೆ ಅದು ಬಿಡುವಲ್ಲ, ಹೊರಗೆ ಹೋಗಿ ದೂರ ನೋಡಲಿ.

ಕೊಥ್ರೂಡ್_ಫಿಸಿಯೊ

ಇದನ್ನು ಒಪ್ಪುತ್ತೇನೆ. 20 ನಿಮಿಷ ಹಾಕಿ, 10 ನಿಮಿಷ ತೆಗೆದು, ಮತ್ತೆ 15 ನಿಮಿಷ ಹಾಕಿದರೆ ನಿಮ್ಮ 45 ನಿಮಿಷದ ಬ್ಯಾಚು ಹಾಗೆಯೇ ಉಳಿಯುತ್ತದೆ. ಅಭ್ಯಾಸ ಮಾಡದವರು ಆ ಹತ್ತು ನಿಮಿಷ ಬೇರೆಯವರು ಮಾಡುವುದನ್ನು ಟಿವಿ ಪರದೆಯಲ್ಲಿ ನೋಡಲಿ, ಆದರೆ ಮೂರು ಮೀಟರ್ ದೂರದಿಂದ. ಆ ಹೊತ್ತಿನಲ್ಲಿ ಗದ್ದವನ್ನು ನೇರ ಹಿಂದಕ್ಕೆ ತಳ್ಳಿ ಐದು ಎಣಿಸುವುದು ಎಂಟು ಸಲ, ಭುಜ ಹಿಂದಕ್ಕೆ ತಿರುಗಿಸುವುದು ಹತ್ತು ಸಲ. ಗದ್ದ ಎದೆಗೆ ತಗ್ಗಿಸುವ ವ್ಯಾಯಾಮ ಬೇಡ, ಅವರ ಹಿಂಗತ್ತು ಮೊದಲೇ ಆ ಕಡೆಗೆ ಎಳೆದಿದೆ.

ಇನ್ನೊಂದು ಸೂಚನೆ ಗೋಡೆಗೆ ಅಂಟಿಸಿ: ಕೊನೆಯ ಬ್ಯಾಚು ಬಿಟ್ಟ ಕೂಡಲೇ ಗಾಡಿ ಹತ್ತಬಾರದು. ಬಿಚ್ಚಿದ ಮೇಲೆ ಸ್ವಲ್ಪ ಹೊತ್ತು ಮೈಯ ಸಮತೋಲ ತಪ್ಪಿದಂತೆ, ದೂರದ ಅಂದಾಜು ಕೈಕೊಟ್ಟಂತೆ ಇರುತ್ತದೆ. ಹೊರಗೆ ಇರುವುದು ಪುಣೆ ನಾಶಿಕ್ ಹೆದ್ದಾರಿ, ಸಂಜೆ ಕಂಟೇನರ್ ಲಾರಿಗಳ ಸಾಲು. ಅರ್ಧ ತಾಸು ಕೂತು ಚಹಾ ಕುಡಿದು ಹೋಗಲಿ, ತಲೆ ತಿರುಗುತ್ತಿದ್ದವರು ಅದು ಪೂರ್ತಿ ನಿಲ್ಲುವ ತನಕ. ಫಿಟ್ಸ್ ಬಂದ ಇತಿಹಾಸವಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹಾಕಲೇಬಾರದು.

ಹಿಂಜವಡಿ_ಯೂನಿಟಿ

ಒಂದು ಸೇರಿಸಲು ಮರೆತೆ. ಮೇಜು ಎತ್ತರಿಸಿದ ಮೇಲೂ ತಗ್ಗಿದೆ ಎಂದು ದೂರು ಬಂದರೆ ಸಾಫ್ಟ್‌ವೇರ್ ಬೈಯುವ ಮೊದಲು ನೆಲದ ಮಟ್ಟ ನೋಡಿ. ಬ್ಯಾಚಿನ ನಡುವೆ ಹೆಡ್‌ಸೆಟ್ಟನ್ನು ಮೇಜಿನ ಮೇಲೆ ಇಟ್ಟಾಗ ಬೌಂಡರಿ (ಓಡಾಡುವ ಜಾಗಕ್ಕೆ ಹೆಡ್‌ಸೆಟ್‌ನಲ್ಲಿ ಎಳೆಯುವ ಗಡಿ) ಮತ್ತೆ ಹುಟ್ಟಿಕೊಂಡು ನೆಲ ಹತ್ತಿಪ್ಪತ್ತು ಸೆಂ.ಮೀ. ತಪ್ಪುವುದುಂಟು. ಪ್ರತಿ ಬ್ಯಾಚಿಗೆ ಮೊದಲು ಕಂಟ್ರೋಲರನ್ನು ನೆಲಕ್ಕೆ ತಾಗಿಸಿ ನೋಡಿ. ವಿಆರ್‌ನೊಳಗಿನ ನೆಲವೂ ಅಲ್ಲೇ ಇದ್ದರೆ ಸರಿ, ಇಲ್ಲದಿದ್ದರೆ ಬೌಂಡರಿ ಅಳಿಸಿ ಹೊಸದಾಗಿ ಎಳೆಯಿರಿ. ಹನ್ನೆರಡು ಹೆಡ್‌ಸೆಟ್ಟಿಗೆ ಸೇರಿ ಆರೇಳು ನಿಮಿಷ ಹಿಡಿಯುತ್ತದೆ.